ಬಿಳಿಕೆರೆಯ ಮಳೆ ಮತ್ತು ಜಪಾನ್ ತಾತ

ನಮ್ಮ ಮನೆಯ ಅತ್ಯಂತ ಕತ್ತಲೆಯ ಗೋಡೆ ಯಾವುದೆಂದು ಕೇಳಿದರೆ ನಾನು ತಡವರಿಸದೆ ತೋರಿಸಬಲ್ಲೆ. ನಡುಮನೆಯಿಂದ ಅಡುಗೆಮನೆಗೆ ತಿರುಗುವಲ್ಲಿ, ದೇವರ ಕೋಣೆಯ ಬಾಗಿಲಿಗೂ ಕುಡಿಯುವ ನೀರಿನ ಫಿಲ್ಟರಿಗೂ ನಡುವೆ ಇರುವ ಚಿಕ್ಕ ಗೋಡೆ ಅದು. ಹುಣಸೂರಿನ ಬಿಸಿಲು ಯಾರ ಮನೆಗಾದರೂ ಹೇಳದೆ ಕೇಳದೆ ನುಗ್ಗುವಂಥದ್ದು. ಆದರೂ ಅಲ್ಲಿಗೆ ಅದು ಈವರೆಗೆ ಬಂದಿಲ್ಲ. ಆ ಗೋಡೆಯ ಮೇಲೆ ಒಂದು ಚಿತ್ರವಿದೆ. ಕಪ್ಪು ಮಸಿಯಲ್ಲಿ ಒತ್ತಿದ ಮರದಚ್ಚಿನ ಚಿತ್ರ. ಹೆದ್ದಾರಿಯ ಬದಿಯಲ್ಲಿ ಒಂದು ಆಲದ ಮರ, ಮರದಡಿಯಲ್ಲಿ ಬಸ್ಸಿಗೆ ಕಾದಿರುವ ಜನ, ಎಲ್ಲರ ತಲೆಯ ಮೇಲೂ ಬಿಚ್ಚಿದ ಕೊಡೆ. ಕೊಡೆಯಿಲ್ಲದ ಒಬ್ಬ ಮಾತ್ರ ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಕುಗ್ಗಿ ನಿಂತಿದ್ದಾನೆ. ಎಲ್ಲರೂ ಒಂದೇ ಕಡೆಗೆ ವಾಲಿದ್ದಾರೆ. ಆಕಾಶದಲ್ಲಿ ಏನೂ ಇಲ್ಲ. ಬಿಳಿಯ ಕಾಗದ; ಅಲ್ಲಲ್ಲಿ ನೊಣ ಕೂತಂತೆ ಒಂದೆರಡು ಚುಕ್ಕೆ.

ನೀರು ಕುಡಿಯಲು ಅತ್ತ ಹೋದವರು ಲೋಟ ಹಿಡಿದುಕೊಂಡೇ ಎರಡು ಪ್ರಶ್ನೆ ಕೇಳುತ್ತಾರೆ. "ಇಷ್ಟ್ ಒಳ್ಳೆ ಚಿತ್ರಾನ ಈ ಮೂಲೇಲಿ ಯಾಕೆ ಸಾರ್ ನೇತಾಕಿದ್ದೀರಿ?" ಎಂಬುದು ಒಂದು. "ಮಳೇನೇ ಇಲ್ವಲ್ಲ, ಇವ್ರೆಲ್ಲ ಕೊಡೆ ಯಾಕೆ ಬಿಚ್ಚವ್ರೆ?" ಎಂಬುದು ಇನ್ನೊಂದು. ಎರಡಕ್ಕೂ ನನ್ನ ಬಳಿ ಉತ್ತರವಿದೆ. ಆದರೆ ಲೋಟ ಬರಿದಾಗುವಷ್ಟರಲ್ಲಿ ಮುಗಿಯುವ ಉತ್ತರವಲ್ಲ. ನೀವಾದರೋ ಕುಳಿತಿದ್ದೀರಿ. ಆದ್ದರಿಂದ ಹೇಳುತ್ತೇನೆ.

ಮೊದಲು ನನ್ನ ವಿಚಾರ. ನಾನು ಕನ್ನಡ ಪಂಡಿತನಾಗಿದ್ದವನು. ಸ್ವಯಂನಿವೃತ್ತಿ ಪಡೆದು ಮನೆಯಲ್ಲಿದ್ದೇನೆ, ಕೆಂಪು ಮಸಿಯ ಪೆನ್ನು ಮಾತ್ರ ಇನ್ನೂ ಜೇಬಿನಿಂದ ನಿವೃತ್ತಿ ಹೊಂದಿಲ್ಲ. ಮದುವೆಯ ಕರೆಯೋಲೆ ಬಂದರೆ ನಾನು ಮೊದಲು ಓದುವುದು ವಧೂವರರ ಹೆಸರನ್ನಲ್ಲ, ಅಕ್ಷರದೋಷಗಳನ್ನು. ಪಿರಿಯಾಪಟ್ಟಣದಲ್ಲಿ ಕೆಲಸಕ್ಕಿದ್ದಾಗ, ಹೊಗೆಸೊಪ್ಪಿನ ಹರಾಜು ಕಟ್ಟೆಗೆ ಬರುವ ರೈತರಿಗಾಗಿ ಒಬ್ಬಾತ ಇಟ್ಟಿದ್ದ ಹೋಟೆಲಿನ ಬೋರ್ಡಿನಲ್ಲಿ ಒತ್ತಕ್ಷರ ತಪ್ಪಿದೆಯೆಂದು ಅವನಿಗೆ ಸವಿಸ್ತಾರವಾಗಿ ವಿವರಿಸಿದ್ದೆ. ಅವನು ಎಲ್ಲವನ್ನೂ ವಿನಯದಿಂದ ಕೇಳಿಸಿಕೊಂಡು, "ಅದಿರ್ಲಿ ಬುಡಿ ಸಾ, ಕಾಪಿ ಎಂಗಿತ್ತು?" ಎಂದಿದ್ದ. ಇದ್ದುದನ್ನು ಇದ್ದ ಹಾಗೆ ಹೇಳಬೇಕು, ಹೇಳುವುದನ್ನು ತಪ್ಪಿಲ್ಲದೆ ಹೇಳಬೇಕು ಎಂಬುದು ನನ್ನ ಒಟ್ಟು ತತ್ತ್ವಶಾಸ್ತ್ರ. ಹಾಗೆ ಹೇಳಿದರೆ ಕೇಳುವವರು ನಂಬುತ್ತಾರೆ ಎಂಬುದನ್ನು ನಾನು ಎಂದೂ ಸಂಶಯಿಸಿರಲಿಲ್ಲ.

ಚಿತ್ರದಲ್ಲಿ ಕೊಪ್ಪೆ ಹಾಕಿಕೊಂಡು ನಿಂತಿರುವವನು ನಾನೇ. ನನ್ನ ಬಾಲ್ಯ ಕೆ.ಆರ್. ನಗರದ ನಾಲೆಯ ಬದಿಯಲ್ಲಿ ಕಳೆಯಿತು. ಮನೆಗೆಲ್ಲ ಇದ್ದುದು ಒಂದೇ ಕೊಡೆ, ಅದು ಅಪ್ಪನದು. ಅದರ ಒಳಗೆ ಬಿಳಿ ಬಣ್ಣದಲ್ಲಿ ಅಪ್ಪನ ಹೆಸರು, ಊರು ಬರೆದಿತ್ತು. ಹೀಗಾಗಿ ಕೊಡೆಯಡಿ ನಿಂತರೆ ಅಪ್ಪನ ವಿಳಾಸದೊಳಗೆ ನಿಂತಂತಾಗುತ್ತಿತ್ತು. ಮಕ್ಕಳಾದ ನಮಗೆ ಕೊಪ್ಪೆಯೇ ಗತಿ. ನನ್ನ ಪಾಲಿಗೆ ಬಂದದ್ದು ಕಡಲೆಕಾಯಿ ಹಿಂಡಿ ತುಂಬಿದ್ದ ಚೀಲ. ನೆನೆದ ಗೋಣಿಯ ವಾಸನೆಗೆ ಹಿಂಡಿಯ ವಾಸನೆಯೂ ಸೇರಿ ನಾನು ತರಗತಿಯ ಬಾಗಿಲಲ್ಲಿ ನಿಂತ ಕೂಡಲೇ ಹಿಂದಿನ ಬೆಂಚಿನಿಂದ "ಎಮ್ಮೆ ಬಂತು ಕಣ್ಲಾ, ಕಟ್ಟಾಕ್ರಲಾ" ಎಂಬ ಕೂಗು ಏಳುತ್ತಿತ್ತು. ಬಹುಶಃ ಆ ದಿನಗಳಲ್ಲಿಯೇ ನಾನು ಇತರರ ತಪ್ಪು ಹುಡುಕುವ ಉದ್ಯೋಗಕ್ಕೆ ಮನಸ್ಸಿನಲ್ಲಿಯೇ ಅರ್ಜಿ ಹಾಕಿದೆನೆಂದು ತೋರುತ್ತದೆ.

ಈ ಎಮ್ಮೆಯ ಕತೆಯನ್ನು ನಾನು ಯಾರಿಗೂ ಹೇಳಿರಲಿಲ್ಲ, ಪುಟ್ಟಸ್ವಾಮಿ ಮೇಷ್ಟರೊಬ್ಬರನ್ನು ಬಿಟ್ಟು. ಅವರು ನಾನು ಪಾಠ ಮಾಡುತ್ತಿದ್ದ ಪ್ರೌಢಶಾಲೆಯ ಡ್ರಾಯಿಂಗ್ ಮೇಷ್ಟರು; ಬಿಳಿಕೆರೆಯ ಒಕ್ಕಲು ಮನೆತನದವರು. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟರೆಂದರೆ ಏನೆಂಬುದು ನಿಮಗೆ ತಿಳಿಯದ್ದೇನಲ್ಲ. ಪರೀಕ್ಷೆ ಹತ್ತಿರವಾದರೆ ಅವರ ಪೀರಿಯಡ್ಡು ಗಣಿತಕ್ಕೆ ಹೋಗುತ್ತದೆ. ಸಮಾರಂಭ ಹತ್ತಿರವಾದರೆ 'ಸುಸ್ವಾಗತ' ಬರೆಯಲು ಅವರೇ ಬೇಕಾಗುತ್ತಾರೆ. ಅವರು ಬರೆದ 'ಸುಸ್ವಾಗತ'ವನ್ನೂ ನಾನು ತಿದ್ದಿದ್ದೆ. ಅವರು ನಕ್ಕು, "ನೀವು ಮಳೆಗೂ ಕಾಗುಣಿತ ತಿದ್ದೋರು ಕಣ್ರೀ ಪಂಡಿತ್ರೇ" ಎಂದಿದ್ದರು. ನಮ್ಮ ಸ್ನೇಹ ಅಲ್ಲಿಂದ ಆರಂಭವಾಯಿತು.

ಅವರಿಗೆ ಮರದಚ್ಚು ಕೆತ್ತುವ ಹುಚ್ಚು ಹತ್ತಿದ್ದು ಗುರುಪುರದ ಟಿಬೆಟಿನವರ ಬಿಡಾರದಲ್ಲಿ. ಅಲ್ಲಿ ಪ್ರಾರ್ಥನೆಯ ಬಾವುಟಗಳಿಗೆ ಅಚ್ಚು ಕೆತ್ತುವ ಒಬ್ಬ ಮುದುಕರಿದ್ದರು. ಮೇಷ್ಟರು ಭಾನುವಾರಗಳಂದು ಹೋಗಿ ಅವರೆದುರು ಸುಮ್ಮನೆ ಕೂರುತ್ತಿದ್ದರು; ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಒಮ್ಮೆ ಆ ಮುದುಕರು, ಯಾರೋ ಜಪಾನಿನ ಯಾತ್ರಿಕರು ಬಿಟ್ಟುಹೋಗಿದ್ದ ಹಳೆಯ ಕ್ಯಾಲೆಂಡರೊಂದನ್ನು ಇವರ ಕೈಗಿತ್ತರು. ತಿಂಗಳಿಗೊಂದರಂತೆ ಒಬ್ಬನೇ ಕಲಾವಿದನ ಮರದಚ್ಚಿನ ಚಿತ್ರಗಳು. ಹಿಮ, ಗುಡ್ಡ, ದೋಣಿ, ದಾರಿ. ಎಲ್ಲಕ್ಕಿಂತ ಹೆಚ್ಚಾಗಿ ಮಳೆ. ಆ ಕಲಾವಿದನ ಹೆಸರು ಚಿತ್ರಗಳ ಕೆಳಗೆ ಇಂಗ್ಲಿಷಿನಲ್ಲಿತ್ತು. ನಾನದನ್ನು ಇಲ್ಲಿ ಬರೆಯುವುದಿಲ್ಲ. ಅದರ ಸ್ವರ ಹ್ರಸ್ವವೋ ದೀರ್ಘವೋ ಎಂದು ಖಚಿತವಾಗಿ ಹೇಳಬಲ್ಲವರು ನನಗೆ ಸಿಕ್ಕಿಲ್ಲ. ಲೋಕ ಕೊಂಡಾಡುವ ಹೆಸರನ್ನು ತಪ್ಪಾಗಿ ಬರೆಯುವುದಕ್ಕಿಂತ ಬರೆಯದಿರುವುದು ಲೇಸು. ಮೇಷ್ಟರು ಅವನನ್ನು ಜಪಾನ್ ತಾತ ಎನ್ನುತ್ತಿದ್ದರು. ನಾವೂ ಹಾಗೆಯೇ ಅನ್ನೋಣ.

ತಾತನ ಚಿತ್ರಗಳು ಅವನ ಕಾಲದಲ್ಲಿ ಬೀದಿಯಲ್ಲಿ ಅಗ್ಗಕ್ಕೆ ಮಾರಾಟವಾಗುತ್ತಿದ್ದುವಂತೆ; ಪಿಂಗಾಣಿ ಪಾತ್ರೆ ಒಡೆಯದಿರಲೆಂದು ಸುತ್ತುವುದಕ್ಕೂ ಅಂಥ ಹಾಳೆಗಳನ್ನು ಬಳಸುತ್ತಿದ್ದರಂತೆ. ಪಾತ್ರೆ ಬಿಚ್ಚಿದ ಪರದೇಶದವರು ಪಾತ್ರೆ ಬಿಟ್ಟು ಕಾಗದ ನೋಡಿದರು ಎಂದು ಹೇಳುತ್ತಾರೆ. ಈಗ ಅವನ ಹಾಳೆಗಳನ್ನು ಗಾಜಿನೊಳಗಿಟ್ಟು, ಬೆಳಕು ತಗ್ಗಿಸಿ, ಕಾವಲು ಹಾಕಿ ತೋರಿಸುತ್ತಾರೆ. ಮೇಷ್ಟರಿಗೆ ಈ ಕೀರ್ತಿಯ ಕತೆಯಲ್ಲಿ ಅಷ್ಟು ಆಸಕ್ತಿಯಿರಲಿಲ್ಲ. ಅವರ ಬೆರಳು ಸದಾ ಮಳೆಯ ಗೆರೆಗಳ ಮೇಲಿರುತ್ತಿತ್ತು.

"ಪಂಡಿತ್ರೇ, ತಾತ ಬರೀ ಬರ್ದೋನು ಕಣ್ರೀ. ಕೆತ್ತಿದೋನು ಬ್ಯಾರೆ, ಒತ್ತಿದೋನು ಬ್ಯಾರೆ. ಈ ಮಳೆ ನೋಡಿ, ಒಂದೊಂದ್ ಗೆರೇನೂ ಹಲಗೆ ಮ್ಯಾಲೆ ಏಣು ನಿಂತಂಗೆ ನಿಂತಿರ್ಬೇಕು. ಸುತ್ತ ಇರೋ ಮರಾನೆಲ್ಲ ತಗೀಬೇಕು, ಕೂದ್ಲಷ್ಟು ಮಾತ್ರ ಬುಡಬೇಕು. ಉಳಿ ಒಂಚೂರು ಜಾರುದ್ರೆ ಮಳೆ ಓಯ್ತು."

"ಕೆತ್ತಿದವನ ಹೆಸರೇನು?"

"ಯಾರಿಗ್ಗೊತ್ತು? ಎಸ್ರೆಲ್ಲ ತಾತುಂದೇ."

ಮತ್ತೊಂದು ಸಂಗತಿಯನ್ನೂ ಅವರು ಹೇಳಿದ್ದರು. ಕಲಾವಿದ ಬರೆದ ಹಾಳೆಯನ್ನೇ ಬೋರಲಾಗಿ ಹಲಗೆಗೆ ಅಂಟಿಸಿ, ಅದರ ಮೇಲೆಯೇ ಉಳಿ ನಡೆಸುತ್ತಾರೆ. ಮೂಲಚಿತ್ರ ಚಿಂದಿಯಾದ ಹೊರತು ಅಚ್ಚು ಹುಟ್ಟುವುದಿಲ್ಲ. ತಾತನ ಕೈಯ ಇಂಥ ಹಾಳೆಗಳು ಇಂದು ಎಲ್ಲಾದರೂ ಉಳಿದಿದ್ದರೆ, ಅವು ಯಾರೂ ಅಚ್ಚಿಗೆ ಆರಿಸಿಕೊಳ್ಳದೆ ಬಿಟ್ಟವು. ಬೇಕಾದದ್ದೆಲ್ಲ ಹಾಳಾಯಿತು, ಬೇಡವಾದದ್ದು ಉಳಿಯಿತು. ಈ ವಾಕ್ಯವನ್ನು ಕರಿಹಲಗೆಯ ಮೇಲೆ ಬರೆದು ವಿವರಿಸಿರೆಂದು ಮಕ್ಕಳಿಗೆ ಹೇಳುವ ಧೈರ್ಯ ನನಗಂತೂ ಬರಲಿಲ್ಲ.

ಮೇಷ್ಟರು ಬರೆಯುವವರೂ ತಾವೇ, ಕೆತ್ತುವವರೂ ತಾವೇ ಆಗಲು ನಿಶ್ಚಯಿಸಿದರು. ಗೊಂಬೆ ಮಾಡುವ ಹಾಲೆ ಮರದ ಹಲಗೆಯನ್ನು ಎಚ್.ಡಿ. ಕೋಟೆಯ ಕಡೆಯಿಂದ ತರಿಸಿದರು. ಹಳೆಯ ಕೊಡೆಯ ಕಡ್ಡಿಯನ್ನು ಮಸೆದು ಸಣ್ಣ ಉಳಿ ಮಾಡಿಕೊಂಡರು. ಬಿಳಿಕೆರೆಯ ಬಸ್ ನಿಲ್ದಾಣದಲ್ಲಿ ಮಳೆಗೆ ಸಿಕ್ಕಿಕೊಂಡ ಜನರನ್ನು ಹಾಳೆಯ ಮೇಲೆ ಬರೆದು, ಅದರಲ್ಲಿ ನನ್ನನ್ನೂ ನನ್ನ ಕೊಪ್ಪೆಯ ಸಮೇತ ನಿಲ್ಲಿಸಿ, ಹಾಳೆಯನ್ನು ಹಲಗೆಗೆ ಅಂಟಿಸಿದರು. ಮರ, ಜನ, ಕೊಡೆಗಳು ಬೇಗನೆ ಮುಗಿದುವು. ಮಳೆ ಮಾತ್ರ ವರ್ಷಗಟ್ಟಲೆ ಹಿಡಿಯಿತು. ಮಳೆ ಮುಗಿಯದೆ ಒಂದು ಪ್ರತಿಯನ್ನೂ ಒತ್ತುವುದಿಲ್ಲವೆಂಬುದು ಅವರ ಹಟ. ಹಾಗಾಗಿ ಕೆತ್ತಿದ ಗೆರೆಗಳ ನೆತ್ತಿಯ ಮೇಲೆ ಮೂಲಚಿತ್ರದ ಕಾಗದದ ಚೂರುಗಳು ಇನ್ನೂ ಅಂಟಿಕೊಂಡೇ ಇದ್ದುವು. ಅವರ ಹೆಂಡತಿ ಜವರಮ್ಮನವರು ಜಗಲಿಯ ತುಂಬ ಹಾರಿದ ಸಿಪ್ಪೆ ಗುಡಿಸುತ್ತ, "ಒಲೆಗಾಕಕ್ಕೂ ಬರ್ದಂಗೆ ಗೀರಿಟ್ಟವ್ರೆ ನೋಡಿ ಅಣ್ಣ. ಅದೇ ಕೈಯಲ್ಲಿ ಒಂದ್ ಮಣೆನಾದ್ರೂ ಮಾಡಿದ್ರೆ ಕೂತ್ಕೊಳಕ್ಕಾದ್ರೂ ಆಗೋದು" ಎಂದು ನನಗೆ ದೂರು ಕೊಡುತ್ತಿದ್ದರು.

ಅನಂತರ ಮೇಷ್ಟರಿಗೆ ಸಕ್ಕರೆ ಕಾಯಿಲೆ ಬಂದಿತು. ಅಥವಾ ಬಂದು ಬಹುಕಾಲವಾಗಿದ್ದದ್ದು ತಿಳಿಯಿತು. ಅದು ಮೊದಲು ಬೆರಳ ತುದಿಗಳ ಸ್ಪರ್ಶವನ್ನು ತೆಗೆದುಕೊಂಡಿತು. ಬಿಸಿ ಕಾಫಿಯ ಲೋಟವೂ ತಣ್ಣೀರಿನ ಲೋಟವೂ ಅವರಿಗೆ ಒಂದೇ ಆದುವು. ಆಮೇಲೆ ಒಂದು ಕಣ್ಣನ್ನು ಪೂರ್ತಿ ತೆಗೆದುಕೊಂಡಿತು. ಇನ್ನೊಂದರಲ್ಲಿ, ಒಳ್ಳೆಯ ಬಿಸಿಲಿದ್ದರೆ, ವಸ್ತುವನ್ನು ಮೂಗಿನ ಬಳಿ ಹಿಡಿದರೆ, ಸ್ವಲ್ಪ ಕಾಣುತ್ತಿತ್ತು. ಮೈಸೂರಿನ ಡಾಕ್ಟರು ಆ ಕಣ್ಣಿಗೆ ಸೂಜಿಮದ್ದು ಕೊಡುತ್ತ, "ಹೋದದ್ದು ಬರೋದಿಲ್ಲ, ಇರೋದನ್ನ ಉಳಿಸ್ಕೊಳ್ಳೋಣ. ಇಲ್ಲಿಗೆ ಬರೋದು ಮಾತ್ರ ನಿಲ್ಲಿಸ್ಬೇಡಿ" ಎಂದಿದ್ದರು.

ಆ ದಿನಗಳಲ್ಲಿ ಅವರ ಮನೆಗೆ ಹೋದರೆ ಒಂದು ದೃಶ್ಯ ಕಾಣುತ್ತಿತ್ತು. ಜವರಮ್ಮನವರು ಸೊಪ್ಪು ಬಿಡಿಸುವುದನ್ನು ಬಿಟ್ಟು, ಕ್ಯಾಲೆಂಡರಿನ ಹಾಳೆ ತೆರೆದುಕೊಂಡು ಕೂತಿರುತ್ತಿದ್ದರು.

"ಒಂದ್ ದೋಣಿ ಅದೆ. ದೋಣೀಲಿ ಒಂದ್ ಕುದ್ರೆ ನಿಂತದೆ. ಮಳೆ ಉಯ್ತಾ ಅದೆ. ಕುದ್ರೆ ಮಕ ನೋಡುದ್ರೆ ಪಾಪ ಅನ್ಸತ್ತೆ ಕಣ್ರೀ."

"ಕುದ್ರೆ ಇರ್ಲಿ ಬುಡು. ಗೆರೆ ಎಂಗವೆ?"

"ಸಣ್ಣಗವೆ. ನನ್ ತಲೆಕೂದ್ಲಂಗೆ."

"ಬೆಳ್ಳಗೋ, ಕರ್ರಗೋ?"

"ಕರ್ರಗೆ. ನೀವು ನನ್ನ ನೋಡಕ್ಕೆ ಬಂದಾಗ ಇತ್ತಲ್ಲ, ಅಂಗೆ."

ಹೀಗೆ ನೋಡಿ ನೋಡಿ ಹೇಳುತ್ತ, ತಮ್ಮ ಗಂಡ ಇಷ್ಟು ಕಾಲ ಜಗಲಿಯಲ್ಲಿ ಕೂತು ಏನು ಮಾಡುತ್ತಿದ್ದರೆಂಬುದು ಆಕೆಗೆ ತಿಳಿದುಬಿಟ್ಟಿತು. "ಇದ್ನೇನಾ ನೀವು ಕೆತ್ತುತಿದ್ದಿದ್ದು? ಮೊದ್ಲೇ ಬಾಯ್ಬುಟ್ಟು ಯೋಳಕ್ಕೆ ಏನಾಗಿತ್ತು?" ಎಂದು ಕೇಳಿದರು. ಮೇಷ್ಟರು "ನೀ ಕೇಳ್ಲಿಲ್ಲ" ಎಂದರು. ಆಮೇಲೆ ಆಕೆ ಆ ಹಲಗೆಯನ್ನು ಜಗಲಿಯಿಂದ ಎತ್ತಿ ಒಳಗೆ, ದೇವರ ಗೂಡಿನ ಪಕ್ಕದಲ್ಲಿಟ್ಟರು.

ಒಂದು ಮೂಲೆಯ ಗೆರೆಗಳ ಅಂಚು ತೀಡುವುದು ಬಾಕಿಯಿದ್ದರೂ ಇನ್ನು ಕಾಯುವಂತಿಲ್ಲವೆಂದು ಮೇಷ್ಟರು ತೀರ್ಮಾನಿಸಿದರು. "ಕಣ್ಣು ಪೂರ್ತಿ ಓಗೋಕ್ ಮುಂಚೆ ನನ್ ಮಳೆ ಒಂದ್ಸಲ ನೋಡ್ಬೇಕು ಪಂಡಿತ್ರೇ. ನೀವೇ ಬಂದು ಒತ್ತಿಕೊಡಿ" ಎಂದರು. ವಿಜಯದಶಮಿಯ ಬೆಳಗ್ಗೆ ಎಂದು ನಿಶ್ಚಯವಾಯಿತು.

ಅಂದು ನಾನು ಹೋದಾಗ ಅಂಗಳದಲ್ಲಿ ಹಿಂದಿನ ದಿನದ ಆಯುಧಪೂಜೆಯ ಚೆಂಡುಹೂ ಇನ್ನೂ ಬಾಡಿರಲಿಲ್ಲ. ಕುಡುಗೋಲು, ಗುದ್ದಲಿ, ಸೈಕಲ್ಲು ಎಲ್ಲಕ್ಕೂ ಕುಂಕುಮ. ಮೇಷ್ಟರು ಹೊರಗೆ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಒಳಗೆ ಜವರಮ್ಮನವರು ಹಲಗೆಯನ್ನು ಎರಡೂ ಕೈಯಲ್ಲಿ ಮಗುವಿನಂತೆ ಎತ್ತಿ ನನ್ನ ಕೈಗಿತ್ತರು.

"ಈ ಸಲ ಇದ್ನೂ ಪೂಜೇಗಿಟ್ಟಿದ್ದೆ ಅಣ್ಣ. ಇಷ್ಟ್ ವರ್ಷ ಕುಡ್ಲಿಗೆಲ್ಲ ಪೂಜೆ ಮಾಡ್ದೆ, ಇದ್ಕೆ ಒಂದ್ ಹೂ ಇಡ್ಲಿಲ್ಲ ನೋಡಿ. ನೀರಲ್ಲಿ ನೆನಾಕಿ, ಹುಣ್ಸೆಣ್ಣಾಕಿ, ತೆಂಗಿನ್ ನಾರಲ್ಲಿ ಚೆನ್ನಾಗ್ ಉಜ್ದೆ. ಮ್ಯಾಲೆಲ್ಲ ಹಳೇ ಪೇಪರ್ ಚೂರು ಅಂಟ್ಕೊಂಡಿತ್ತು, ಒಂದೂ ಬುಡ್ದಂಗೆ ತಗ್ದೆ. ಎಂಗೆ ಒಳೀತದೆ!"

ಹಲಗೆ ನಿಜಕ್ಕೂ ಹೊಳೆಯುತ್ತಿತ್ತು. ನಡುವೆ ಅರಿಸಿನ ಕುಂಕುಮದ ಬೊಟ್ಟಿತ್ತು. ನಾನು ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಕೊಡೆಗಳು ಇದ್ದುವು, ಮರವಿತ್ತು, ನಾನಿದ್ದೆ. ಆಕಾಶವಿದ್ದ ಜಾಗ ರೊಟ್ಟಿ ತಟ್ಟುವ ಮಣೆಯಂತೆ ನುಣುಪಾಗಿತ್ತು. ನೀರು ಕುಡಿದು ಮೆತ್ತಗಾದ, ಕೂದಲಿನಷ್ಟು ತೆಳುವಾದ ಆ ಏಣುಗಳು ನಾರಿನ ಉಜ್ಜಾಟಕ್ಕೆ ಒಂದೊಂದಾಗಿ ಮುರಿದು, ಕಾಗದದ ಚೂರುಗಳೊಂದಿಗೆ ಬಚ್ಚಲಿಗೆ ಹರಿದುಹೋಗಿದ್ದುವು. ಆಕೆಯ ಮುಖದಲ್ಲಿ ಅಷ್ಟೊಂದು ಸಂತೋಷವಿತ್ತು. ಹೊರಗಿನಿಂದ, "ಪಂಡಿತ್ರೇ, ಬಿಸ್ಲು ಬಂದದೆ, ಬನ್ನಿ" ಎಂಬ ಕರೆ ಕೇಳಿಸಿತು.

ನಾನು ಹೋದೆ. ಮೇಷ್ಟರು ಹೇಳಿಕೊಟ್ಟಂತೆ ಹಲಗೆಗೆ ಮಸಿ ಸವರಿದೆ. ತೇವದ ಕಾಗದ ಹಾಸಿದೆ. ಬಟ್ಟೆ ಸುತ್ತಿದ ತೆಂಗಿನ ಚಿಪ್ಪಿನಿಂದ ಹಿಂಬದಿಯನ್ನು ಉಜ್ಜಿದೆ. ಎಲ್ಲೋ ಒಂದೆರಡು ಗೆರೆಯಾದರೂ ಉಳಿದಿರಲಿ ಎಂದು ಬೇಡಿಕೊಳ್ಳುತ್ತ ಆಕಾಶದ ಭಾಗವನ್ನು ಅಗತ್ಯಕ್ಕಿಂತ ಹೆಚ್ಚು ಉಜ್ಜಿದೆ. ಕಾಗದವನ್ನು ಎತ್ತಿ ಅವರ ಕೈಗಿತ್ತೆ.

ಅವರು ಅದನ್ನು ಒಳ್ಳೆಯ ಕಣ್ಣಿನ ಹತ್ತಿರಕ್ಕೆ ತಂದು, ಬಿಸಿಲಿಗೆ ತಿರುಗಿಸಿ, ಇಂಚಿಂಚಾಗಿ ಸರಿಸಿದರು. "ಮರ ಕಾಣ್ತದೆ. ಕೊಡೆ. ಅಯ್ಯೋ, ಎಮ್ಮೆ ಬಂತು ಕಣ್ಲಾ! ನೋಡಿ ಪಂಡಿತ್ರೇ, ನೀವೇ" ಎಂದು ನಕ್ಕರು. ಮತ್ತೆ ಕಾಗದ ಮೇಲಕ್ಕೆ ಸರಿಯಿತು, ನಿಂತಿತು. ಕೆಳಕ್ಕೆ ಬಂದು ಮತ್ತೆ ಮೇಲೆ ಹೋಯಿತು. ನಗು ಮುಖದ ಮೇಲೆಯೇ ಉಳಿದು ಒಣಗಿತು.

"ಮಳೆ ಕಾಣ್ತಿಲ್ಲ" ಎಂದರು. ಆಮೇಲೆ, ಯಾರಿಗೋ ಲೆಕ್ಕ ಒಪ್ಪಿಸುವಂತೆ, "ದಪ್ಪಂದೆಲ್ಲ ಕಾಣ್ತದೆ, ಸಣ್ದು ಕಾಣ್ತಿಲ್ಲ. ಅಂದ್ರೆ ಇದೂ ಓಯ್ತು, ಈ ಕಣ್ಣೂ" ಎಂದರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಕಾಗದವನ್ನು ಹೆಂಡತಿಯತ್ತ ಚಾಚಿ, "ಜವರೀ, ನೀ ನೋಡಿ ಯೋಳು. ಮಳೆ ಅದಾ?" ಎಂದರು.

ಆಕೆ ಕಾಗದ ನೋಡಿದರು. ಹಲಗೆ ನೋಡಿದರು. ಆಮೇಲೆ ಹುಣಸೆಹಣ್ಣಿಗೆ ಬೆಳ್ಳಗಾಗಿದ್ದ ತಮ್ಮ ಬೆರಳುಗಳನ್ನು ನೋಡಿಕೊಂಡರು. ಅವರಿಗೆ ತಿಳಿಯಿತೆಂಬುದು ನನಗೆ ತಿಳಿಯಿತು.

"ಅದೆ ಕಣ್ರೀ" ಎಂದರು.

"ಎಂಗದೆ?"

"ಸಣ್ಣಗೆ. ನನ್ ತಲೆಕೂದ್ಲಂಗೆ."

ಮೇಷ್ಟರು ತಲೆಯಾಡಿಸಿದರು. "ಸರಿ ಬುಡು. ನನ್ ಕಣ್ಗೆ ಬೀಳ್ದಿದ್ರೇನು, ಬಂತಲ್ಲ" ಎಂದು ಕನ್ನಡಕ ತೆಗೆದು, ಮಡಿಸಿ, ಜೇಬಿಗಿಟ್ಟುಕೊಂಡರು.

ಅದನ್ನು ಅವರು ಮತ್ತೆ ಹಾಕಲಿಲ್ಲ. ಕಣ್ಣಿನ ಸೂಜಿಮದ್ದಿಗೆ ಮೈಸೂರಿಗೆ ಹೋಗುವ ದಿನ ಬಂದಾಗ, "ಇದ್ರೆ ತಾನೆ ಉಳ್ಸ್ಕೊಳ್ಳೋದು?" ಎಂದು ಕುರ್ಚಿ ಬಿಟ್ಟು ಏಳಲಿಲ್ಲ. ಜವರಮ್ಮನವರು ಒಬ್ಬರೇ ಬಸ್ಸು ಹತ್ತಿ ಹುಣಸೂರಿಗೆ, ನನ್ನ ಮನೆಗೆ ಬಂದರು. ಕೊಟ್ಟ ಕಾಫಿಯನ್ನು ಪಕ್ಕಕ್ಕೆ ಸರಿಸಿಟ್ಟರು.

"ಈಗ ನಿಜ ಯೋಳುದ್ರೆ ಅವ್ರ ಮಳೆ ಓಯ್ತದೆ ಅಣ್ಣ. ಯೋಳ್ದಿದ್ರೆ ಕಣ್ಣೋಯ್ತದೆ. ನನ್ ಬಾಯಲ್ಲಿ ಬತ್ತಿಲ್ಲ. ನೀವು ಓದಿರೋರು, ನೀವು ಯೋಳುದ್ರೆ ಕೇಳ್ತಾರೆ."

ನಾನು ಆಕೆಯ ಜೊತೆಯಲ್ಲಿಯೇ ಬಿಳಿಕೆರೆಗೆ ಹೋದೆ. ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡೆ. ಅನುಮಾನಕ್ಕೆ ಎಡೆಯಿಲ್ಲದ ಸರಳ ವಾಕ್ಯಗಳು. ಮೇಷ್ಟರ ಎದುರು ಕೂತು ಹೇಳಿದೆ: "ಹಲಗೆಯನ್ನು ತೊಳೆದಾಗ ಗೆರೆಗಳು ಮುರಿದುಹೋಗಿವೆ. ಕಾಗದದ ಮೇಲೆ ಮಳೆ ಇಲ್ಲ. ಆ ದಿನ ನಿಮ್ಮ ಕಣ್ಣು ಇದ್ದುದನ್ನು ಇದ್ದ ಹಾಗೆಯೇ ಕಂಡಿದೆ. ಅದು ಇನ್ನೂ ಇದೆ. ಆಸ್ಪತ್ರೆಗೆ ಹೊರಡಿ."

ಮೇಷ್ಟರು ಶ್ರದ್ಧೆಯಿಂದ ಕೇಳಿಸಿಕೊಂಡರು. ಅನಂತರ, ಬಹಳ ಅಕ್ಕರೆಯಿಂದ ನಕ್ಕರು.

"ಪಂಡಿತ್ರೇ, ಆಯಸ್ಸೆಲ್ಲ ಮಕ್ಳಿಗೆ ನಿಜ ಯೋಳ್ಕೊಂಡೇ ಬಂದ್ರಿ. ಸುಳ್ಳು ಯೋಳಕ್ಕೆ ಅಭ್ಯಾಸ ಬ್ಯಾಡ್ವಾ? ನನ್ನ ಆಸ್ಪತ್ರೆಗೆ ಕಳ್ಸಕ್ಕೆ ನನ್ ಮಳೇನೇ ಅಳಸ್ತೀರಲ್ಲ!"

ಜವರಮ್ಮನವರು ಮುಂದೆ ಬಂದು, "ನಾನೇ ಕಣ್ರೀ ಉಜ್ದೋಳು. ಈ ಕೈಯಲ್ಲೇ, ನಾರಲ್ಲಿ" ಎಂದರು.

"ನೋಡಿ, ಇವ್ಳಿಗೂ ಪಾಠ ಬಾಯ್ಪಾಠ ಮಾಡ್ಸಿದ್ದೀರಿ" ಎಂದು ಮೇಷ್ಟರು ಆಕೆಯ ಕೈ ಹಿಡಿದುಕೊಂಡರು. "ಅವತ್ತು ತಲೆಕೂದ್ಲಂಗದೆ ಅಂದ್ಯಲ್ಲ ಜವರೀ. ಅದು ಕಣ್ಣಾರೆ ಕಂಡೋರು ಆಡೋ ಮಾತು ಕಣೇ. ಕಾಣ್ದೋರಿಗೆ ಆ ಮಾತು ಬರಾಕಿಲ್ಲ."

ನಾನು ಹಲಗೆಯನ್ನು ತಂದು ಅವರ ತೊಡೆಯ ಮೇಲಿಟ್ಟು, ಅವರ ಬೆರಳುಗಳನ್ನು ಹಿಡಿದು ಆಕಾಶದ ಜಾಗದಲ್ಲಿ ಓಡಾಡಿಸಿದೆ. ಬಿಸಿ ತಂಪು ತಿಳಿಯದ ಆ ಬೆರಳುಗಳು ನುಣುಪಾದ ಮರದ ಮೇಲೆ ಎಡದಿಂದ ಬಲಕ್ಕೆ, ಓರೆಯಾಗಿ, ಬಹಳ ಜೋಪಾನವಾಗಿ, ಏನನ್ನೂ ಮುರಿಯಬಾರದೆಂಬ ಎಚ್ಚರದಲ್ಲಿ ಸರಿದುವು. "ಅವೆಯಲ್ಲ ಎಲ್ಲ" ಎಂದರು.

ಜಪಾನ್ ತಾತನ ಮಳೆ ಎಲ್ಲೆಲ್ಲೋ, ಗಾಜಿನೊಳಗೆ, ಇಂದಿಗೂ ಸುರಿಯುತ್ತಿದೆ. ಅದನ್ನು ಕೆತ್ತಿದವನ ಹೆಸರು ಯಾರಿಗೂ ತಿಳಿಯದು. ಬಿಳಿಕೆರೆಯ ಮಳೆಯನ್ನು ಕೆತ್ತಿದವರ ಹೆಸರು ನನಗೆ ತಿಳಿದಿದೆ, ಮಳೆಯೇ ಇಲ್ಲ. ಈಗ ಆ ಕಣ್ಣೂ ಇಲ್ಲ. ಈಚೆಗೆ ನಾನು ಹೋದಾಗ, ಅವರು ಬಿಸಿಲಿನ ಕಡೆಗೆ ಬೆನ್ನು ಮಾಡಿ ಕೂತಿದ್ದರು. ಬಾಗಿಲಲ್ಲಿ ನಿಂತ ನನ್ನನ್ನು, ಕೆಮ್ಮಿದ ಮೇಲೆ ಗುರುತು ಹಿಡಿದರು.

ಚಿತ್ರವನ್ನು ಅವರು ನನಗೆ ಕೊಟ್ಟದ್ದು, ನಾನು ನಿಜ ಹೇಳಿ ಸೋತ ಆ ದಿನವೇ. ಹೊರಟು ನಿಂತವನನ್ನು ಕರೆದು, ಹಳೆಯ ಪತ್ರಿಕೆಯಲ್ಲಿ ಸುತ್ತಿದ ಸುರುಳಿಯನ್ನು ಕೈಗಿತ್ತರು. "ನೋಡೋರ ಮನೇಲಿರ್ಲಿ ಪಂಡಿತ್ರೇ. ಒಂದೇ ಒಂದ್ ಮಾತು. ಬಿಸ್ಲು ಬೀಳೋ ಗೋಡೆಗೆ ಆಕ್ಬ್ಯಾಡಿ. ಮೊದ್ಲು ಮಾಸೋದು ಸಣ್ಣ ಗೆರೇನೆ."

ಜವರಮ್ಮನವರು ಬಾಗಿಲ ಹಿಂದೆ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದರು. ನಾನು ಆಗಲಿ ಎಂದೆ. ಮನೆಗೆ ಬಂದು, ಮರುದಿನ ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಎಲ್ಲೆಲ್ಲಿ ಕಾಲಿಡುತ್ತದೆಂದು ನೋಡಿಕೊಂಡು, ಈ ಗೋಡೆಗೆ ಮೊಳೆ ಹೊಡೆದೆ.